ಗಂಡು ಬೆಕ್ಕೋ, ಹೆಣ್ಣು ಬೆಕ್ಕೋ? ಗುರುತು ಹಿಡಿಯುವುದರಿಂದ ಆಪರೇಷನ್ ತನಕ ಸಮಗ್ರ ಮಾರ್ಗದರ್ಶಿ

ಕಲಬುರಗಿ, ಬೀದರ, ಯಾದಗಿರಿ ಕಡೆ ಬೆಕ್ಕು ಸಾಕಿದವರು ಕೇಳುವ ಪ್ರಶ್ನೆಗಳು ಸುತ್ತಿ ಬಳಸಿ ಮೂರೇ. "ರಾತ್ರಿ ಪೂರಾ ಒದರ್ತದ್ರಿ, ಹೊಟ್ಟಿ ನೋವು ಇರಬೇಕು." "ಬಾಗಲಿಗೆ, ಕೂಲರಿಗೆ ಉಚ್ಚಿ ಹೊಡಿತದ." "ನಿನ್ನಿಂದ ತಿಣಕ್ತಾನೇ ಅದ, ಮಲಬದ್ಧತೆ ಏನ್ರಿ?"

ಮೂರಕ್ಕೂ ನನ್ನ ಮರುಪ್ರಶ್ನೆ ಒಂದೇ: ಗಂಡೋ, ಹೆಣ್ಣೋ? ಅಲ್ಲೇ ಮಾತು ನಿಲ್ಲುತ್ತದೆ. "ಹೆಣ್ಣೇ ಇರಬೇಕು, ಬಹಳ ಸಾಧು ಅದ" ಅಂತ ಉತ್ತರ ಬರುತ್ತದೆ. ಸ್ವಭಾವ ನೋಡಿ ಲಿಂಗ ಹೇಳುವುದು, ಆ ಲಿಂಗ ನಂಬಿ ರೋಗ ಹೇಳುವುದು. ಎಡವಟ್ಟು ಆಗುವುದು ಇಲ್ಲೇ.

ಒಂದೇ ಲಕ್ಷಣಕ್ಕೆ ಗಂಡಾದರೆ ಒಂದು ಅರ್ಥ, ಹೆಣ್ಣಾದರೆ ಇನ್ನೊಂದು. ಮತ್ತೆ ಮತ್ತೆ ಉಚ್ಚೆಗೆ ಕೂತು ತಿಣುಕುವ ಗಂಡು ಬೆಕ್ಕು ಎರಡು ಮೂರು ದಿನದಲ್ಲಿ ಸಾಯಬಹುದು. ನೆಲದ ಮೇಲೆ ಹೊರಳಾಡಿ ಒದರುವ ಹೆಣ್ಣು ಬೆಕ್ಕಿಗೆ ಬಹಳ ಸಲ ಏನೂ ಆಗಿರುವುದಿಲ್ಲ. ಮೊದಲಿನದನ್ನು ಮನೆಯಲ್ಲೇ ಇಟ್ಟುಕೊಂಡು, ಎರಡನೆಯದಕ್ಕೆ ಮಾತ್ರೆ ನುಂಗಿಸುವುದು ನಮ್ಮ ಕಡೆ ನಡೆದೇ ಇದೆ. ಅದಕ್ಕೇ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೂರನೇ ಹಂತವನ್ನಂತೂ ಹಾರಿಸಬೇಡಿ.

## ಮೊದಲು ಕೈಗೆ ತೆಗೆದುಕೊಳ್ಳಬೇಕಾದ ಸಾಮಾನು

ದೊಡ್ಡ ಖರ್ಚೇನೂ ಇಲ್ಲ. ಒಂದು ಹಳೆ ಟವೆಲ್, ಟಾರ್ಚ್ ಮತ್ತು ಕ್ಯಾಮೆರಾ ಇರುವ ಮೊಬೈಲ್, ತಾರೀಖು ಬರೆಯಲು ಒಂದು ಕ್ಯಾಲೆಂಡರ್, ಮನುಷ್ಯರ ತೂಕ ನೋಡುವ ಮಷೀನು. ಬೆಕ್ಕನ್ನು ಎತ್ತಿಕೊಂಡು ಒಮ್ಮೆ ನಿಲ್ಲಿ, ಬಿಟ್ಟು ಒಮ್ಮೆ ನಿಲ್ಲಿ. ವ್ಯತ್ಯಾಸವೇ ಬೆಕ್ಕಿನ ತೂಕ.

ಉಚ್ಚೆ-ಹೇಲಿಗೆ ಒಂದು ಅಗಲವಾದ ಪ್ಲಾಸ್ಟಿಕ್ ಟಬ್, ಅದರಲ್ಲಿ ಜರಡಿ ಹಿಡಿದ ಉಸುಕು. "ನಮ್ಮ ಬೆಕ್ಕು ಹೊರಗೇ ಹೋಗ್ತದ, ಟಬ್ ಯಾಕ?" ಅನ್ನಬೇಡಿ. ಹೊರಗೆ ಹೋಗುವ ಬೆಕ್ಕು ಉಚ್ಚೆ ಮಾಡಿತೋ ಇಲ್ಲವೋ ನಿಮಗೆ ಗೊತ್ತಾಗುವುದೇ ಇಲ್ಲ. ಗಂಡು ಬೆಕ್ಕಿನ ಮನೆಯಲ್ಲಿ ಇದು ಜೀವದ ಪ್ರಶ್ನೆ.

ಆಸ್ಪತ್ರೆಗೆ ಒಯ್ಯಲು ಗಾಳಿಯಾಡುವ ಬುಟ್ಟಿ ಬೇಕು. ಪೇಟೆಯಲ್ಲಿ ಸಿಗುವ ಕ್ಯಾರಿಯರ್ ತುಟ್ಟಿ ಅನಿಸಿದರೆ ಟೊಮ್ಯಾಟೊ ತುಂಬುವ ಎರಡು ಪ್ಲಾಸ್ಟಿಕ್ ಕ್ರೇಟ್ ತಂದು, ಒಂದರ ಮೇಲೊಂದು ಬೋರಲು ಹಾಕಿ ಹಗ್ಗದಿಂದ ನಾಲ್ಕೂ ಕಡೆ ಬಿಗಿಯಿರಿ. ಗೋಣಿಚೀಲ, ಜಿಪ್ ಇರುವ ಬ್ಯಾಗು ಬೇಡ. ಏಪ್ರಿಲ್-ಮೇ ಬಿಸಿಲಲ್ಲಿ ಬೈಕಿನ ಮೇಲೆ ಚೀಲದೊಳಗಿನ ಬೆಕ್ಕು ದಾರಿಯಲ್ಲೇ ಉಸಿರು ಕಟ್ಟಿ ಸಾಯಬಹುದು.

## ಹಂತ 1: ಗಂಡೋ ಹೆಣ್ಣೋ, ಕಣ್ಣಿಂದ ನೋಡಿ ಖಾತ್ರಿ ಮಾಡಿಕೊಳ್ಳಿ

ಹುಟ್ಟಿದ ವಾರದಲ್ಲೇ ನೋಡಲು ಹೋಗಬೇಡಿ. ತಾಯಿಗೆ ಕಿರಿಕಿರಿ, ನಿಮಗೂ ಸರಿಯಾಗಿ ತಿಳಿಯುವುದಿಲ್ಲ. ನಾಲ್ಕು ವಾರ ದಾಟಿದರೆ ಸುಲಭ, ಎಂಟು ವಾರಕ್ಕೆ ಇನ್ನೂ ಸುಲಭ.

ಮರಿ ಹೊಟ್ಟೆ ತುಂಬ ಉಂಡು ತೂಕಡಿಸುವಾಗ ತೊಡೆಯ ಮೇಲೆ ಟವೆಲ್ ಹಾಸಿ, ಹೊಟ್ಟೆ ಕೆಳಗಾಗಿ ಮಲಗಿಸಿ. ಬಾಲದ ಬುಡದಲ್ಲಿ ಹಿಡಿದು ಮೆಲ್ಲಗೆ ಮೇಲೆತ್ತಿ. ಜಗ್ಗಬೇಡಿ. ಇನ್ನೊಬ್ಬರಿಗೆ ಟಾರ್ಚ್ ಹಿಡಿಯಲು ಹೇಳಿ ಒಂದು ಫೋಟೋ ತೆಗೆಯಿರಿ. ಅಷ್ಟೇ, ಮರಿ ಬಿಟ್ಟುಬಿಡಿ. ಆರಾಮಾಗಿ ಕೂತು ಫೋಟೋ ದೊಡ್ಡದು ಮಾಡಿ ನೋಡಿ.

ಬಾಲದ ಕೆಳಗಿನ ಎರಡು ತೂತುಗಳಲ್ಲಿ ಮೇಲಿನದು ಗುದ. ಅದು ಎರಡಕ್ಕೂ ಒಂದೇ ಥರ. ಅದರ ಕೆಳಗಿನದನ್ನು, ಮತ್ತು ನಡುವಿನ ಅಂತರವನ್ನು ನೋಡಬೇಕು. ಗಂಡು ಮರಿಯಲ್ಲಿ ಕೆಳಗಿನದೂ ದುಂಡಗೆ ಚುಕ್ಕೆಯಂತೆ ಇರುತ್ತದೆ; ಎರಡೂ ಸೇರಿ ನಮ್ಮ 'ಅಃ' ಅಕ್ಷರದ ವಿಸರ್ಗದ ಎರಡು ಸೊನ್ನೆ ಕಂಡಂತೆ ಕಾಣುತ್ತವೆ. ನಡುವೆ ಸುಮಾರು 1 ಸೆಂ.ಮೀ.ಗಿಂತ ಜಾಸ್ತಿ ಜಾಗ, ಅದರಲ್ಲಿ ಕೂದಲು, ಬೆರಳು ಸವರಿದರೆ ಕಾಳಿನಷ್ಟು ಎರಡು ಗಂಟು. ಹೆಣ್ಣು ಮರಿಯಲ್ಲಿ ಕೆಳಗಿನದು ಉದ್ದಕ್ಕೆ ಸೀಳಿದ ಸಣ್ಣ ಗೆರೆ, ಮೇಲಿನದಕ್ಕೆ ಅಂಟಿಕೊಂಡಂತೆ ಹತ್ತಿರ. ನಡುವೆ ಜಾಗವೇ ಇಲ್ಲ ಅನ್ನಿಸುತ್ತದೆ.

ಒಂದೇ ಮರಿ ಇದ್ದಾಗ ಗೊಂದಲ ಜಾಸ್ತಿ. ಅಣ್ಣ-ತಂಗಿ ಮರಿಗಳಿದ್ದರೆ ಎರಡರ ಫೋಟೋ ಪಕ್ಕಪಕ್ಕ ಇಟ್ಟು ನೋಡಿ, ತಟ್ಟನೆ ಗೊತ್ತಾಗುತ್ತದೆ. ಆಗಲೂ ಅನುಮಾನ ಇದ್ದರೆ ಎರಡು ವಾರ ಬಿಟ್ಟು ಮತ್ತೆ ನೋಡಿ.

ಇಲ್ಲಿ ಆಗುವ ತಪ್ಪುಗಳು. ಮೊಲೆತೊಟ್ಟು ನೋಡಿ ಹೆಣ್ಣು ಅನ್ನುವುದು ಮೊದಲನೇ ತಪ್ಪು. ಗಂಡಿಗೂ ತೊಟ್ಟು ಇರುತ್ತವೆ. ಮುಖ ನೋಡಿ ಹೇಳುವುದು ಎರಡನೆಯದು. ದಪ್ಪ ಗಲ್ಲ, ಅಗಲ ತಲೆ ಗಂಡಿನ ಗುರುತು ಹೌದು, ಆದರೆ ಅದು ಆಪರೇಷನ್ (ಮರಿ ಆಗದಂತೆ ಮಾಡುವ ಶಸ್ತ್ರಚಿಕಿತ್ಸೆ) ಆಗದೆ ಬೆಳೆದ ಗಂಡಿಗೆ, ಅದೂ ವರ್ಷ ದಾಟಿದ ಮೇಲೆ ಬರುವುದು.

ಬಣ್ಣದ ಲೆಕ್ಕ ಮಾತ್ರ ಸುಳ್ಳಲ್ಲ. ಕಪ್ಪು-ಕೇಸರಿ ಎರಡೂ ಬೆರೆತ ಬೆಕ್ಕು, ಅಥವಾ ಅದಕ್ಕೆ ಬಿಳಿಯೂ ಸೇರಿದ ಮೂರು ಬಣ್ಣದ ಬೆಕ್ಕು ಹೆಚ್ಚುಕಡಿಮೆ ಯಾವಾಗಲೂ ಹೆಣ್ಣೇ. ಕೇಸರಿ ಬಣ್ಣದ ಜೀನ್ ಎಕ್ಸ್ ಕ್ರೋಮೋಸೋಮಿನ ಮೇಲಿದೆ. ಕೇಸರಿ, ಕಪ್ಪು ಎರಡೂ ಬರಬೇಕಾದರೆ ಎರಡು ಎಕ್ಸ್ ಬೇಕು. ಎರಡು ಇರುವುದು ಹೆಣ್ಣಿಗೆ, ಗಂಡಿಗೆ ಸಾಮಾನ್ಯವಾಗಿ ಒಂದೇ. ಅಪರೂಪಕ್ಕೆ ಮೂರು ಬಣ್ಣದ ಗಂಡು ಹುಟ್ಟಿದರೂ ಅದಕ್ಕೆ ಸಾಮಾನ್ಯವಾಗಿ ಮರಿ ಆಗುವುದಿಲ್ಲ. ಪೂರಾ ಕೇಸರಿ ಬೆಕ್ಕುಗಳಲ್ಲಿ ಗಂಡೇ ಜಾಸ್ತಿ. ಆದರೆ ಹೆಣ್ಣೂ ಇರುತ್ತವೆ, ಹಾಗಾಗಿ ಕೇಸರಿ ಬೆಕ್ಕಿನ ಬಾಲ ಎತ್ತಿ ನೋಡಲೇಬೇಕು.

## ಹಂತ 2: ವಯಸ್ಸು, ಆಪರೇಷನ್ ಎರಡನ್ನೂ ಗೊತ್ತುಮಾಡಿಕೊಳ್ಳಿ

"ಗಂಡು ಬೆಕ್ಕು ಊರು ಸುತ್ತುತ್ತದೆ, ಹೆಣ್ಣು ಮನೆ ಹಿಡಿದಿರುತ್ತದೆ" ಅನ್ನುವ ಮಾತು ಅರ್ಧ ನಿಜ. ಊರು ಸುತ್ತುವುದು ಆಪರೇಷನ್ ಆಗದ ಗಂಡು. ಎಳೆ ವಯಸ್ಸಿಗೇ ಆಪರೇಷನ್ ಆದ ಗಂಡು, ಹೆಣ್ಣುಗಳನ್ನು ಪಕ್ಕ ಕೂರಿಸಿದರೆ ನಡವಳಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯುವುದಿಲ್ಲ. ನಾವು ಲಿಂಗದ ಗುಣ ಅನ್ನುವುದು ಬಹುಪಾಲು ಹಾರ್ಮೋನಿನ ಗುಣ.

ಹೆಣ್ಣು ಬೆಕ್ಕು ನಾಲ್ಕು ತಿಂಗಳಿಗೇ ಬೆದೆಗೆ ಬರಬಹುದು. ಸಾಮಾನ್ಯವಾಗಿ ಐದರಿಂದ ಒಂಬತ್ತು ತಿಂಗಳೊಳಗೆ ಬರುತ್ತದೆ. ಗಂಡು ಆರು ತಿಂಗಳ ಆಸುಪಾಸಿನಿಂದ ಶುರುಮಾಡುತ್ತದೆ. ಒಂದೇ ತಾಯಿಯ ಮರಿಗಳಾದರೂ ಬೆಕ್ಕಿಗೆ ಅಣ್ಣ ತಂಗಿ ಲೆಕ್ಕ ಇಲ್ಲ. "ಇನ್ನೂ ಸಣ್ಣವು" ಅಂತ ಎರಡನ್ನೂ ಒಂದೇ ಮನೆಯಲ್ಲಿ ಬಿಟ್ಟುಕೊಂಡು ಗಾಬರಿಯಾದವರು ಎಷ್ಟೋ ಜನ.

ಬೀದಿಯಿಂದ ಬಂದ ದೊಡ್ಡ ಬೆಕ್ಕಾದರೆ ಹಿಂದಿನಿಂದ ನೋಡಿ. ಗಂಡಿಗೆ ಬೀಜ ಕಂಡರೆ ಆಪರೇಷನ್ ಆಗಿಲ್ಲ. ಹೆಣ್ಣಿನಲ್ಲಿ ಹೊಟ್ಟೆಯ ನಡುವೆಯೋ ಪಕ್ಕೆಯಲ್ಲೋ ಸಣ್ಣ ಗೆರೆಯ ಗಾಯದ ಗುರುತು ಇರಬಹುದು, ಕೂದಲು ಬೆಳೆದರೆ ಹುಡುಕುವುದು ಕಷ್ಟ. ಕಿವಿಯ ತುದಿ ನೇರವಾಗಿ ಕತ್ತರಿಸಿದ್ದರೆ, ಬೀದಿ ಬೆಕ್ಕಿಗೆ ಆಪರೇಷನ್ ಮಾಡಿ ಬಿಟ್ಟ ಗುರುತು ಅದು.

ಗಂಡಿಗೆ ಬೀಜ ಕಾಣುತ್ತಿಲ್ಲ, ಆದರೂ ಉಚ್ಚೆ ಗಬ್ಬು ನಾರುತ್ತದೆ, ಗೋಡೆಗೆ ಚಿಮ್ಮಿಸುತ್ತದೆ ಅಂದರೆ ಬೀಜ ಹೊಟ್ಟೆಯೊಳಗೇ ಉಳಿದಿರಬಹುದು. "ಆಪರೇಷನ್ ಆಗ್ಯಾದ" ಅಂತ ಸುಮ್ಮನಾಗದೆ ಡಾಕ್ಟರಿಗೆ ತೋರಿಸಿ.

## ಹಂತ 3: ಗಂಡು ಬೆಕ್ಕು ತಿಣುಕುತ್ತಿದ್ದರೆ ಉಚ್ಚೆ ಕಟ್ಟಿದೆಯೇ ನೋಡಿ

ಈ ಬರಹದಲ್ಲಿ ಒಂದೇ ಭಾಗ ಓದುವಷ್ಟು ಪುರುಸೊತ್ತು ಇದ್ದರೆ ಇದನ್ನು ಓದಿ.

ಗಂಡು ಬೆಕ್ಕಿನ ಮೂತ್ರನಾಳ ಉದ್ದ, ತುದಿಯಲ್ಲಿ ಬಹಳ ಸಣ್ಣ. ಉಸುಕಿನಂಥ ಹರಳು, ಲೋಳೆ ಸೇರಿ ಅಲ್ಲಿ ಬಿರಡೆ ಹಾಕಿದಂತೆ ಆಗುತ್ತದೆ. ಕೆಲವೊಮ್ಮೆ ಹರಳೂ ಇರುವುದಿಲ್ಲ, ಉರಿಯೂತದಿಂದಲೇ ನಾಳ ಬಿಗಿದುಕೊಳ್ಳುತ್ತದೆ. ಉಚ್ಚೆ ಹೊರಗೆ ಬರದಿದ್ದರೆ ಅದರ ವಿಷ ರಕ್ತಕ್ಕೆ ಸೇರುತ್ತದೆ, ಪೊಟ್ಯಾಸಿಯಂ ಏರುತ್ತದೆ, ಹೃದಯ ನಿಲ್ಲುತ್ತದೆ. ಹೆಣ್ಣು ಬೆಕ್ಕಿನ ನಾಳ ಗಿಡ್ಡ, ಅಗಲ. ಹೆಣ್ಣಿಗೆ ಉರಿಮೂತ್ರ ಬರಬಹುದು, ಪೂರಾ ಕಟ್ಟುವುದು ಬಹಳ ಅಪರೂಪ.

ಕಾಣುವುದು ಹೀಗೆ. ಬೆಕ್ಕು ಟಬ್ಬಿಗೆ ಹೋಗುತ್ತದೆ, ಕೂರುತ್ತದೆ, ಬೆನ್ನು ಬಾಗಿಸಿ ತಿಣುಕುತ್ತದೆ. ಎದ್ದು ಉಸುಕು ಕೆದರುತ್ತದೆ, ಎರಡು ಹೆಜ್ಜೆ ಹೋಗಿ ತಿರುಗಿ ಬಂದು ಮತ್ತೆ ಕೂರುತ್ತದೆ. ಆಮೇಲೆ ಟಬ್ ಬಿಟ್ಟು ಬಚ್ಚಲಲ್ಲಿ, ತಣ್ಣಗಿನ ಪರಸಿ (ನೆಲದ ಹಾಸುಗಲ್ಲು) ಮೇಲೆ, ಎಲ್ಲೆಂದರಲ್ಲಿ ಕೂರತೊಡಗುತ್ತದೆ. ನಡುನಡುವೆ ಹಿಂಭಾಗ ನೆಕ್ಕಿಕೊಳ್ಳುತ್ತದೆ, ದನಿ ಎಳೆದು ಒದರುತ್ತದೆ. ನೀವು ಉಸುಕು ಕೆದಕಿ ನೋಡಿದರೆ ಒದ್ದೆ ಉಂಡೆ ಇಲ್ಲ, ಇದ್ದರೂ ಒಂದೆರಡು ಹನಿ, ಅದರಲ್ಲಿ ಕೆಂಪು. ಮನೆಯವರು ಮಲಬದ್ಧತೆ ಅಂದುಕೊಂಡು ಹರಳೆಣ್ಣೆ ಕುಡಿಸುವುದು ಈ ಹೊತ್ತಿನಲ್ಲೇ.

ಮಾಡಬೇಕಾದ್ದು:

1. ಒಣ ಟಬ್ಬಿನಲ್ಲಿ ಬಿಳಿ ಕಾಗದ ಹಾಸಿ ಬೆಕ್ಕನ್ನು ಅದರ ಜೊತೆ ಒಂದು ಕೋಣೆಯಲ್ಲಿ ಹಾಕಿ. ಉಚ್ಚೆ ಬರುತ್ತಿದೆಯೋ ಇಲ್ಲವೋ ಬೇಗ ಖಾತ್ರಿಯಾಗುತ್ತದೆ. ಇದಕ್ಕೆ ಗಂಟೆಗಟ್ಟಲೆ ಕಾಯಬೇಡಿ.
2. ಹೊಟ್ಟೆ ಒತ್ತಬೇಡಿ. ತುಂಬಿದ ಉಚ್ಚೆಚೀಲ ಒಳಗೇ ಒಡೆಯಬಹುದು.
3. ಫೋನ್ ಮಾಡಿ "ಗಂಡು ಬೆಕ್ಕು, ಉಚ್ಚೆ ಕಟ್ಟಿದೆ, ಕ್ಯಾಥೆಟರ್ ಹಾಕುತ್ತೀರಾ?" ಅಂತ ನೇರವಾಗಿ ಕೇಳಿ. ಕ್ಯಾಥೆಟರ್ ಅಂದರೆ ಉಚ್ಚೆ ಹೊರತೆಗೆಯುವ ಸಣ್ಣ ನಳಿಗೆ. ಅದನ್ನು ಹಾಕುವವರ ಹತ್ತಿರವೇ ಹೋಗಿ.
4. ಅದೇ ದಿನ ಹೋಗಿ. ವಾಂತಿ ಶುರುವಾಗಿದ್ದರೆ, ಬೆಕ್ಕು ಮಂಕಾಗಿ ಮಲಗಿದ್ದರೆ ಅದೇ ಗಳಿಗೆ.

ಬೀದರಿನ ನಂದಿನಗರದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಬೀದರ ಸುತ್ತಿನವರಿಗೆ ಅದರ ಆಸ್ಪತ್ರೆ ದೊಡ್ಡ ಅನುಕೂಲ. ಕಲಬುರಗಿ, ಯಾದಗಿರಿಯವರು ಮೊದಲು ಊರಿನ ಪಶು ಆಸ್ಪತ್ರೆ, ಖಾಸಗಿ ಡಾಕ್ಟರ್ ಇಬ್ಬರನ್ನೂ ವಿಚಾರಿಸಿ. ಇದೆಲ್ಲ ಬೆಕ್ಕು ಆರಾಮಿದ್ದಾಗಲೇ ಮಾಡಿಟ್ಟುಕೊಳ್ಳುವ ಕೆಲಸ. ನಮ್ಮ ಕಡೆ ಹೆಚ್ಚಿನ ಡಾಕ್ಟರುಗಳು ಆಕಳು, ಎಮ್ಮೆ, ಆಡು, ಕುರಿಯಲ್ಲೇ ಮುಳುಗಿರುತ್ತಾರೆ. ಬೆಕ್ಕು ನೋಡುವವರು ಯಾರು, ಭಾನುವಾರ ಸಿಗುತ್ತಾರೋ ಇಲ್ಲವೋ ಅಂತ ಈಗಲೇ ಕೇಳಿ ನಂಬರ್ ಗೋಡೆಗೆ ಹಚ್ಚಿ.

ಬರದಂತೆ ನೋಡಿಕೊಳ್ಳುವುದಕ್ಕೆ ನೀರೇ ಮದ್ದು. ಬೇಸಿಗೆಯಲ್ಲಿ ಬಿಸಿಲು 42-43 ಡಿಗ್ರಿ ಮುಟ್ಟುವ ಊರು ನಮ್ಮದು. ಬರೀ ಒಣ ಕಾಳು-ತಿಂಡಿ ತಿಂದು, ನೀರು ಕಡಿಮೆ ಕುಡಿದು, ದಿನವೆಲ್ಲ ಕೂಲರ್ ಮುಂದೆ ಮಲಗುವ ದಪ್ಪ ಗಂಡು ಬೆಕ್ಕಿನ ಮೇಲೆ ಒಂದು ಕಣ್ಣು ಇರಲಿ. ಆಪರೇಷನ್ ಆದ ಗಂಡಿಗೂ ಇದು ಬರುತ್ತದೆ. ಮನೆಯ ಮೂರು ನಾಲ್ಕು ಕಡೆ ಅಗಲ ಬಾಯಿಯ ಮಣ್ಣಿನ ಬಟ್ಟಲಲ್ಲಿ ನೀರಿಡಿ, ಟಬ್ಬಿನಿಂದ ದೂರ. ಒಣ ತಿಂಡಿಗೆ ನೀರು ಬೆರೆಸಿ, ಇಲ್ಲವೇ ಉಪ್ಪು, ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕದ ಕೋಳಿ ಬೇಯಿಸಿದ ನೀರು ಕೊಡಿ. ಉಳ್ಳಾಗಡ್ಡಿ, ಬಳ್ಳೊಳ್ಳಿ ಬೆಕ್ಕಿಗೆ ವಿಷ, ಸಾರಿನ ರೊಟ್ಟಿ ಹಾಕುವವರು ನೆನಪಿಡಿ.

## ಹಂತ 4: ಹೆಣ್ಣು ಬೆಕ್ಕು ಒದರಿದರೆ ಬೆದೆಯೋ, ಬೇನೆಯೋ ಬೇರ್ಪಡಿಸಿ

ಬೆದೆಗೆ ಬಂದ ಬೆಕ್ಕನ್ನು ಮೊದಲ ಸಲ ನೋಡಿದವರು ಸೊಂಟ ಮುರಿದಿದೆ ಅಂದುಕೊಳ್ಳುತ್ತಾರೆ. ಎದೆ ನೆಲಕ್ಕೆ ಹಚ್ಚಿ, ಹಿಂಭಾಗ ಎತ್ತಿ, ಬಾಲ ಪಕ್ಕಕ್ಕೆ ಸರಿಸಿ, ಹಿಂಗಾಲು ನಿಂತಲ್ಲೇ ತುಳಿಯುತ್ತಾ ತೆವಳುತ್ತದೆ. ಕಂಡದ್ದಕ್ಕೆಲ್ಲ ಮೈ ಉಜ್ಜುತ್ತದೆ, ಹೊರಳಾಡುತ್ತದೆ. ದನಿಯಂತೂ ಓಣಿಗೆಲ್ಲ ಕೇಳಬೇಕು. ಊಟ ಕಡಿಮೆ ಮಾಡುತ್ತದೆ. ನಾಯಿಯ ಹಾಗೆ ರಕ್ತ ಹೋಗುವುದಿಲ್ಲ.

ಪರೀಕ್ಷೆ ಸುಲಭ. ಬಾಲದ ಬುಡದ ಮೇಲೆ ಬೆನ್ನನ್ನು ಮೆಲ್ಲಗೆ ಸವರಿ. ಬೆದೆಯಲ್ಲಿದ್ದರೆ ತಕ್ಷಣ ಹಿಂಭಾಗ ಎತ್ತಿ ಕಾಲು ತುಳಿಯುತ್ತದೆ, ಇನ್ನೂ ಸವರಲಿ ಅಂತ ನಿಲ್ಲುತ್ತದೆ. ನೋವಿದ್ದರೆ ಕೈ ಕೊಡವುತ್ತದೆ, ಕಚ್ಚಲು ಬರುತ್ತದೆ, ಮೂಲೆ ಸೇರುತ್ತದೆ.

ಒಂದು ಸಲದ ಬೆದೆ ಸುಮಾರು ಒಂದು ವಾರ. ಗಂಡಿನ ಜೊತೆ ಕೂಡದಿದ್ದರೆ ಎರಡು ಮೂರು ವಾರಕ್ಕೆ ಮತ್ತೆ ಬರಬಹುದು, ಯಾಕೆಂದರೆ ಬೆಕ್ಕಿನಲ್ಲಿ ಮೊಟ್ಟೆ ಬಿಡುಗಡೆ ಆಗುವುದು ಸಾಮಾನ್ಯವಾಗಿ ಕೂಡಿದ ಮೇಲೆ. ಹೀಗಾಗಿ "ತಾನೇ ಸುಮ್ಮನಾಗ್ತದ" ಅನ್ನುವ ಆಸೆ ಬಿಡಿ. ಹಗಲು ಉದ್ದವಾದಂತೆ ಬೆದೆ ಜೋರಾಗುತ್ತದೆ. ಚಳಿಗಾಲದಲ್ಲಿ ಸೂರ್ಯ ಮೂಲೆ ಸೇರುವ ದೇಶಗಳ ಹಾಗೆ ದೊಡ್ಡ ಬಿಡುವು ನಮ್ಮಲ್ಲಿ ಸಿಗುವುದಿಲ್ಲ.

ಈ ದಿನಗಳಲ್ಲಿ ಬಾಗಿಲು, ಕಿಟಕಿ, ಮಾಳಿಗೆಯ ಬೆಳಕಿಂಡಿ ಎಲ್ಲ ಭದ್ರ ಮಾಡಿ. ಸೊಳ್ಳೆ ಪರದೆಯ ಜಾಳಿಗೆ ಗಟ್ಟಿ ಅಲ್ಲ, ಹರಿದುಕೊಂಡು ಹೋಗುತ್ತದೆ. ಹೊರಗಿನಿಂದ ಗಂಡು ಬೆಕ್ಕುಗಳು ಸುತ್ತುಗಟ್ಟುತ್ತವೆ. ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರು ಇರಬಹುದು. ಕ್ಯಾಲೆಂಡರಿನಲ್ಲಿ ಶುರುವಾದ ದಿನ, ಮುಗಿದ ದಿನ ಬರೆಯಿರಿ. ತಪ್ಪಿಸಿಕೊಂಡು ಹೋಗಿ ಬಂದರೆ ಆ ತಾರೀಖು ಬರೆಯಿರಿ. ಅಲ್ಲಿಂದ ಸುಮಾರು 63-65 ದಿನಕ್ಕೆ ಮರಿ.

ಮಾತ್ರೆಯ ವಿಷಯ. ಬೆದೆಯ ಕೂಗು ನೋವಿನದು ಅಂದುಕೊಂಡು ಪ್ಯಾರಸಿಟಮಾಲ್ ಕೊಡಬೇಡಿ. ಅರ್ಧ ಮಾತ್ರೆಯೂ ಬೆಕ್ಕನ್ನು ಕೊಲ್ಲಬಹುದು. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲ. ಮನುಷ್ಯರ ಗರ್ಭನಿರೋಧಕ ಗುಳಿಗೆಯೂ ಬೇಡ. ಅಂಥ ಹಾರ್ಮೋನುಗಳಿಂದ ಗರ್ಭಕೋಶದಲ್ಲಿ ಕೀವು, ಮೊಲೆಯಲ್ಲಿ ಗಡ್ಡೆ ಆಗುವ ಅಪಾಯ ಏರುತ್ತದೆ.

ಕೀವಿನ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಬೆದೆ ಮುಗಿದ ಕೆಲವು ವಾರಕ್ಕೆ ಹೆಣ್ಣು ಬೆಕ್ಕು ಮಂಕಾಗಿ, ನೀರು ಜಾಸ್ತಿ ಕುಡಿಯುತ್ತಾ, ಊಟ ಬಿಟ್ಟರೆ, ಹಿಂದಿನಿಂದ ಕೀವು ಇಲ್ಲವೇ ಕೆಂಪು ನೀರು ಸೋರಿದರೆ, ಹೊಟ್ಟೆ ಊದಿದರೆ ಅದೇ ದಿನ ಆಸ್ಪತ್ರೆಗೆ. "ಗಬ್ಬ ಆಗಿರಬೇಕು" ಅಂತ ಕಾದರೆ ಬೆಕ್ಕು ಉಳಿಯುವುದಿಲ್ಲ. ಕೀವು ಹೊರಗೆ ಬಾರದೆ ಒಳಗೇ ತುಂಬುವುದು ಇನ್ನೂ ಅಪಾಯ.

ಮರಿ ಹಾಕಿದ ತಾಯಿ ಬೇರೆಯೇ ಪ್ರಾಣಿ. ಸಾಧು ಬೆಕ್ಕು ನಾಯಿಯ ಮೇಲೆ ಹಾರುತ್ತದೆ. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಅನ್ನುತ್ತಾರಲ್ಲ, ಅದು ಜಾಸ್ತಿ ಆಗುವುದು ನಾವು ಗಳಿಗೆಗೊಮ್ಮೆ ಇಣುಕಿದಾಗ. ತೊಗರಿ ಚೀಲದ ಸಂದಿಯಲ್ಲಿ ಹಾಕಿದೆಯೇ, ಬಿಡಿ, ನೀರು, ಊಟ ಹತ್ತಿರ ಇಟ್ಟು ದೂರ ಸರಿಯಿರಿ. ಹೊರಗಿನ ಗಂಡು ಬೆಕ್ಕು ಒಳಗೆ ಬಾರದಂತೆ ಮಾತ್ರ ನೋಡಿಕೊಳ್ಳಿ, ಅವು ಮರಿಗಳನ್ನು ಕೊಲ್ಲುವುದುಂಟು. ಇನ್ನೊಂದು ಗೊತ್ತಿರಲಿ: ಮರಿಗಳು ಮೊಲೆ ಕುಡಿಯುತ್ತಿರುವಾಗಲೇ ತಾಯಿ ಮತ್ತೆ ಬೆದೆಗೆ ಬಂದು ಗಬ್ಬ ಆಗಬಹುದು.

## ಹಂತ 5: ಗೋಡೆಗೆ ಉಚ್ಚೆ ಚಿಮ್ಮಿಸುತ್ತಿದ್ದರೆ

ಮೊದಲು ಚಿಮ್ಮಿಸುವುದು, ಉಚ್ಚೆ ಮಾಡುವುದು ಎರಡೂ ಬೇರೆ ಅಂತ ತಿಳಿಯಿರಿ. ಉಚ್ಚೆ ಮಾಡುವಾಗ ಬೆಕ್ಕು ಕೂರುತ್ತದೆ, ನೆಲದ ಮೇಲೆ ದೊಡ್ಡ ಕೆರೆ ಆಗುತ್ತದೆ. ಚಿಮ್ಮಿಸುವಾಗ ನಿಂತಿರುತ್ತದೆ. ಬಾಗಿಲ ಕಡೆ ಬೆನ್ನು ಮಾಡಿ, ಬಾಲ ನೆಟ್ಟಗೆ ಎತ್ತಿ, ಬಾಲದ ತುದಿ ಸಣ್ಣಗೆ ನಡುಗಿಸಿ, ಹಿಂಗಾಲು ಒಂದೆರಡು ಸಲ ತುಳಿದು ಚುರ್ ಅಂತ ಬಿಡುತ್ತದೆ. ಗೋಡೆಯ ಮೇಲೆ ಗೇಣು ಎತ್ತರದಿಂದ ಇಳಿದ ಗೆರೆ ಉಳಿಯುತ್ತದೆ. ಕೂಲರಿನ ಕಾಲು, ಬೈಕಿನ ಟೈರು, ಪರದೆಯ ಅಂಚು, ಹೊಸ ಚೀಲ ಇವೆಲ್ಲ ಅದರ ಮೆಚ್ಚಿನ ಜಾಗ.

ಕೂತು ಎಲ್ಲೆಂದರಲ್ಲಿ ಮಾಡುತ್ತಿದ್ದರೆ ಗಂಡಾಗಲಿ ಹೆಣ್ಣಾಗಲಿ ಟಬ್ ಹೊಲಸಾಗಿರಬೇಕು, ಇಲ್ಲ ಉರಿಮೂತ್ರ ಇರಬೇಕು. ಗಂಡಾದರೆ ಹಂತ 3ಕ್ಕೆ ಹಿಂತಿರುಗಿ. ನಿಂತು ಚಿಮ್ಮಿಸುತ್ತಿದ್ದರೆ ಅದು "ಈ ಜಾಗ ನಂದು" ಅನ್ನುವ ಗುರುತು. ಆಪರೇಷನ್ ಆಗದ ಗಂಡಿನಲ್ಲಿ ಇದು ಸಹಜ. ಬೆದೆಯ ಹೆಣ್ಣೂ ಮಾಡುತ್ತದೆ. ಆಪರೇಷನ್ ಮಾಡಿಸಿದರೆ ಹೆಚ್ಚಿನ ಗಂಡು ಬೆಕ್ಕುಗಳು ಬಿಡುತ್ತವೆ, ಸುಮಾರು ಹತ್ತರಲ್ಲಿ ಒಂದು ಬಿಡುವುದಿಲ್ಲ. ವರ್ಷಗಟ್ಟಲೆ ಚಟ ಬಿದ್ದ ಮೇಲೆ ಮಾಡಿಸಿದರೆ ಬಿಡಿಸುವುದು ಕಷ್ಟ.

ಬಡಿಯಬೇಡಿ. ಮೂಗು ಉಚ್ಚೆಗೆ ಒರೆಸುವ ಪದ್ಧತಿ ಎಲ್ಲಿಂದ ಬಂತೋ ಗೊತ್ತಿಲ್ಲ, ಅದರಿಂದ ಬೆಕ್ಕಿಗೆ ಭಯ ಹೆಚ್ಚಿ ಇನ್ನೂ ಜಾಸ್ತಿ ಚಿಮ್ಮಿಸುತ್ತದೆ.

ಸ್ವಚ್ಛ ಮಾಡುವ ಕ್ರಮ. ನಮ್ಮ ಮನೆಗಳಲ್ಲಿ ಇದೇ ಹೆಚ್ಚು ತಪ್ಪುವುದು.

1. ಒಣ ಬಟ್ಟೆಯಿಂದ ಒತ್ತಿ ಹೀರಿಸಿ. ತಿಕ್ಕಿ ಹರಡಬೇಡಿ.
2. ಎನ್‌ಜೈಮ್ ಇರುವ ಬಟ್ಟೆ ಸೋಪಿನ ಪುಡಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಕಲಸಿ ಹಚ್ಚಿ, ಹತ್ತು ಹದಿನೈದು ನಿಮಿಷ ಬಿಡಿ, ಶುದ್ಧ ನೀರಿನಿಂದ ಒರೆಸಿ.
3. ಒಣಗಿದ ಮೇಲೆ ಅಡುಗೆ ಸೋಡಾ ಉದುರಿಸಿ, ರಾತ್ರಿ ಬಿಟ್ಟು ಬೆಳಿಗ್ಗೆ ಗುಡಿಸಿ.

ಫಿನಾಯಿಲ್ ಹಾಕಬೇಡಿ. ಅದರೊಳಗಿನ ಫೀನಾಲ್ ಜಾತಿಯ ವಸ್ತು ಬೆಕ್ಕಿಗೆ ವಿಷ. ಒದ್ದೆ ನೆಲ ತುಳಿದು ಪಾದ ನೆಕ್ಕಿದರೆ ಸಾಕು. ಬ್ಲೀಚಿಂಗ್ ಪೌಡರೂ ಬೇಡ, ಉಚ್ಚೆಯ ಅಮೋನಿಯಾ ಜೊತೆ ಸೇರಿ ಕೆಟ್ಟ ಗಾಳಿ ಏಳುತ್ತದೆ. ವಿನೆಗರ್ ಹಾಕಿ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಟೈಲ್ಸಿಗೆ ಸರಿ, ನಮ್ಮ ಶಹಾಬಾದ್ ಪರಸಿಗೆ ಬೇಡ. ಅದು ಸುಣ್ಣದ ಕಲ್ಲು. ಹುಳಿ ಬಿದ್ದಲ್ಲಿ ಹೊಳಪು ಹೋಗಿ ಬಿಳಿ ಕಲೆ ಬೀಳುತ್ತದೆ, ಕಲ್ಲು ಒರಟಾಗಿ ಮುಂದಿನ ಸಲ ಉಚ್ಚೆ ಇನ್ನೂ ಹೀರುತ್ತದೆ. ಪರಸಿಯ ಸಂದುಗಳನ್ನು ಎರಡು ಮೂರು ಸಲ ತೊಳೆಯಬೇಕಾಗುತ್ತದೆ.

ವಾಸನೆ ಇದೆ, ಜಾಗ ಸಿಗುತ್ತಿಲ್ಲ ಅಂದರೆ ನೋಟು ಪರೀಕ್ಷಿಸುವ ನೇರಳೆ ಬೆಳಕಿನ ಸಣ್ಣ ಟಾರ್ಚ್ ತಂದು ರಾತ್ರಿ ಲೈಟ್ ಆರಿಸಿ ನೋಡಿ. ಹಳೇ ಕಲೆ ಮಿನುಗುತ್ತದೆ.

## ಹಂತ 6: ಜಗಳ, ತಿರುಗಾಟ, ಗಾಯ

ಆಪರೇಷನ್ ಆಗದ ಗಂಡು ಮೂರು ನಾಲ್ಕು ದಿನ ಕಾಣೆಯಾಗಿ, ಕಿವಿ ಹರಿದುಕೊಂಡು, ಸೊರಗಿ ಬರುವುದು ನೋಡಿದ್ದೀರಿ. ಬಂದ ದಿನ ಗಾಯ ಸಣ್ಣ ತೂತಿನಂತೆ ಇರುತ್ತದೆ. ಬೆಕ್ಕಿನ ಹಲ್ಲು ಸೂಜಿಯಂತೆ ಒಳಗಿಳಿದು ಮೇಲಿನ ಚರ್ಮ ಮುಚ್ಚಿಕೊಳ್ಳುತ್ತದೆ, ಎರಡು ಮೂರು ದಿನಕ್ಕೆ ಒಳಗೆ ಕೀವು ತುಂಬಿ ಬಾವು ಏಳುತ್ತದೆ. ಗಲ್ಲ, ಮುಂಗಾಲು, ಬಾಲದ ಬುಡ ಮುಟ್ಟಿ ನೋಡಿ. ಮೆತ್ತಗೆ, ಬಿಸಿಯಾಗಿ ಊದಿದ್ದರೆ ಡಾಕ್ಟರ್ ಕೊಯ್ದು ಕೀವು ತೆಗೆಯಬೇಕು. ಬರೀ ಅರಿಶಿನ ಮೆತ್ತಿದರೆ ಒಳಗಿನದು ಹೋಗುವುದಿಲ್ಲ.

ಕಡಿತದಿಂದ ಬೆಕ್ಕುಗಳ ನಡುವೆ ರೋಗನಿರೋಧಕ ಶಕ್ತಿ ಕುಂದಿಸುವ ಎಫ್‌ಐವಿ ವೈರಸ್ ಹರಡುತ್ತದೆ (ಮನುಷ್ಯರಿಗೆ ಬರುವುದಿಲ್ಲ). ರೇಬಿಸ್ ಮಾತ್ರ ಮನುಷ್ಯರಿಗೂ ಬರುತ್ತದೆ. ಮೂರು ತಿಂಗಳು ತುಂಬಿದ ಬೆಕ್ಕಿಗೆ ರೇಬಿಸ್ ಲಸಿಕೆ ಹಾಕಿಸಿ. ಜಗಳ ಬಿಡಿಸಲು ಕೈ ಹಾಕಬೇಡಿ, ಒಂದು ಮಗ್ ನೀರು ಎರಚಿ. ಕಚ್ಚಿಸಿಕೊಂಡರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ.

ಎಲ್ಲ ಕಿರುಚಾಟವೂ ಜಗಳ ಅಲ್ಲ. ಗಂಡು-ಹೆಣ್ಣು ಕೂಡಿದ ಮೇಲೆ ಹೆಣ್ಣು ಚೀರಿ, ತಿರುಗಿ ಗಂಡಿಗೆ ಬಾರಿಸಿ, ನೆಲದಲ್ಲಿ ಹೊರಳಾಡುತ್ತದೆ. ಅದು ಅವುಗಳ ರೀತಿ.

## ಹಂತ 7: ಆಪರೇಷನ್, ಮುಂಚೆ ಮತ್ತು ಆಮೇಲೆ

ನನ್ನನ್ನು ಕೇಳಿದರೆ ನಾಲ್ಕೈದು ತಿಂಗಳಿಗೇ ಮಾಡಿಸಿ. "ಒಂದು ಸಲ ಮರಿ ಹಾಕಲಿ, ಆಮೇಲೆ ನೋಡೋಣು" ಅನ್ನುವುದರಿಂದ ಬೆಕ್ಕಿನ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ. ತಿರುವುಮುರುವು: ಮೊದಲ ಬೆದೆಗೆ ಮುಂಚೆ ಮಾಡಿಸಿದರೆ ಮೊಲೆ ಕ್ಯಾನ್ಸರಿನ ಅಪಾಯ ಬಹಳ ತಗ್ಗುತ್ತದೆ. ಬೆಕ್ಕಿನ ಮೊಲೆಯ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರೇ ಆಗಿರುತ್ತವೆ.

ಗಂಡಿನದು ಸಣ್ಣ ಕೆಲಸ, ಬಹಳ ಸಲ ಹೊಲಿಗೆಯೂ ಇರುವುದಿಲ್ಲ. ಹೆಣ್ಣಿನದು ಹೊಟ್ಟೆ ತೆರೆಯುವ ಆಪರೇಷನ್, ಹಾಗಾಗಿ ಖರ್ಚು, ಆರೈಕೆ ಎರಡೂ ಜಾಸ್ತಿ. ಬೆದೆ ನಡೆಯುವಾಗ ರಕ್ತನಾಳ ಉಬ್ಬಿರುತ್ತವೆ, ಬಹಳ ಡಾಕ್ಟರುಗಳು ಮುಗಿಯಲಿ ಅನ್ನುತ್ತಾರೆ. ನಿಮ್ಮ ಕ್ಯಾಲೆಂಡರ್ ಆಗ ಉಪಯೋಗಕ್ಕೆ ಬರುತ್ತದೆ. ಎಷ್ಟು ಹೊತ್ತು ಉಪವಾಸ ಇಡಬೇಕು ಅಂತ ಡಾಕ್ಟರನ್ನೇ ಕೇಳಿ. ಸಣ್ಣ ಮರಿಗಳನ್ನು ಬಹಳ ಹೊತ್ತು ಹಸಿವಿನಲ್ಲಿ ಇಡಬಾರದು.

ಮನೆಗೆ ತಂದ ಮೇಲೆ ಟಬ್ಬಿನಲ್ಲಿ ಉಸುಕಿನ ಬದಲು ಹರಿದ ಪೇಪರ್ ಹಾಕಿ, ಉಸುಕು ಗಾಯಕ್ಕೆ ಮೆತ್ತುತ್ತದೆ. ಕೂಲರಿನ ನೇರ ಗಾಳಿಗೆ ಮಲಗಿಸಬೇಡಿ, ಅರಿವಳಿಕೆ ಇಳಿಯುವಾಗ ಮೈ ತಣ್ಣಗಾಗುತ್ತದೆ. ಹೆಣ್ಣು ಬೆಕ್ಕು ಹತ್ತು ಹದಿನಾಲ್ಕು ದಿನ ಎತ್ತರಕ್ಕೆ ಜಿಗಿಯದಂತೆ, ಗಾಯ ನೆಕ್ಕದಂತೆ ನೋಡಿಕೊಳ್ಳಿ. ಹಳೇ ಬನಿಯನ್ ತೋಳು ಕತ್ತರಿಸಿ ಕಾಲಿಗೆ ತೂತು ಮಾಡಿ ತೊಡಿಸಿದರೂ ನಡೆಯುತ್ತದೆ. ಗಾಯ ಬಾಯಿ ಬಿಟ್ಟರೆ, ವಾಸನೆ ಬಂದರೆ, ಒಸಡು ಬಿಳಿಚಿದರೆ, ಒಂದು ದಿನ ಕಳೆದರೂ ಏನೂ ತಿನ್ನದಿದ್ದರೆ ತಿರುಗಿ ಒಯ್ಯಿರಿ.

ಗಂಡಿನ ವಿಷಯದಲ್ಲಿ ಜನ ಮರೆಯುವುದೊಂದಿದೆ. ಆಪರೇಷನ್ ಆದ ಕೆಲವು ವಾರ ಅದರಿಂದ ಮರಿ ಆಗಬಹುದು. ಒಂದು ಒಂದೂವರೆ ತಿಂಗಳು ಬೆದೆಯ ಹೆಣ್ಣಿನಿಂದ ದೂರ ಇಡಿ. ಚಿಮ್ಮಿಸುವುದು, ತಿರುಗುವುದು ಸಹ ಮರುದಿನವೇ ನಿಲ್ಲುವುದಿಲ್ಲ.

ಆಮೇಲೆ ಇಬ್ಬರಿಗೂ ಹಸಿವು ಜಾಸ್ತಿ, ಖರ್ಚಾಗುವ ಶಕ್ತಿ ಕಡಿಮೆ. ಊಟ ಕಾಲು ಭಾಗದಷ್ಟು ತಗ್ಗಿಸಿ, ತಿಂಗಳಿಗೊಮ್ಮೆ ತೂಗಿ. ಗಂಡು ಬೆಕ್ಕು ದಪ್ಪ ಆಗುವುದು ಚಂದ ಕಂಡರೂ ಹಂತ 3ರ ದಾರಿ ಅದು.

## ಹಂತ 8: ಎರಡನೇ ಬೆಕ್ಕು ತರುವ ಮುಂಚೆ

ಆಪರೇಷನ್ ಆಗದ ಎರಡು ದೊಡ್ಡ ಗಂಡುಗಳನ್ನು ಒಂದೇ ಮನೆಗೆ ತರಬೇಡಿ. ಉಳಿದಂತೆ ಗಂಡು-ಗಂಡು, ಹೆಣ್ಣು-ಹೆಣ್ಣು, ಗಂಡು-ಹೆಣ್ಣು ಯಾವ ಜೋಡಿಯೂ ನಡೆಯುತ್ತದೆ, ಎರಡಕ್ಕೂ ಆಪರೇಷನ್ ಆಗಿದ್ದರೆ. ಒಟ್ಟಿಗೆ ಬೆಳೆದ ಮರಿಗಳಾದರೆ ಇನ್ನೂ ಸುಲಭ. "ಹೆಣ್ಣು ಬೆಕ್ಕೇ ಪ್ರೀತಿ ಜಾಸ್ತಿ", "ಗಂಡೇ ಜಾಸ್ತಿ ಹಚ್ಚಿಕೊಳ್ತದ" ಎರಡೂ ವಾದ ಕೇಳಿದ್ದೇನೆ. ಮರಿ ಎರಡರಿಂದ ಏಳು ವಾರದೊಳಗೆ ಮನುಷ್ಯರ ಕೈಯಲ್ಲಿ ಎಷ್ಟು ಆಡಿತು ಅನ್ನುವುದು ಅದಕ್ಕಿಂತ ದೊಡ್ಡ ವಿಷಯ.

ಹೊಸದನ್ನು ತಂದ ತಕ್ಷಣ ಎದುರುಬದುರು ಬಿಡಬೇಡಿ. ಕೆಲವು ದಿನ ಬೇರೆ ಕೋಣೆಯಲ್ಲಿಡಿ. ಎರಡರ ಹಾಸಿಗೆ ಬಟ್ಟೆ ಅದಲುಬದಲು ಮಾಡಿ, ಮುಚ್ಚಿದ ಬಾಗಿಲಿನ ಎರಡು ಬದಿಗೆ ಊಟ ಹಾಕಿ. ಬುಸುಗುಡದೆ ಉಣ್ಣತೊಡಗಿದ ಮೇಲೆ ಬಾಗಿಲು ಸ್ವಲ್ಪ ತೆರೆದು, ನೀವು ಅಲ್ಲೇ ಕೂತು ಸ್ವಲ್ಪ ಹೊತ್ತು ಬಿಡಿ. ಒಂದು ದಿಟ್ಟಿಸಿ ದಾರಿ ಅಡ್ಡಗಟ್ಟುತ್ತಿದ್ದರೆ, ಇನ್ನೊಂದು ಟಬ್ಬಿಗೆ ಹೋಗಲು ಅಂಜುತ್ತಿದ್ದರೆ ಹಿಂದಿನ ಹೆಜ್ಜೆಗೆ ಹೋಗಿ. ಎರಡು ಬೆಕ್ಕಿಗೆ ಮೂರು ಟಬ್, ಮೂರೂ ಬೇರೆ ಬೇರೆ ಮೂಲೆಯಲ್ಲಿ. ಜಾಗ ಇಲ್ಲ ಅಂದರೆ ಎರಡಾದರೂ ಇರಲಿ, ದಿನಕ್ಕೆರಡು ಸಲ ಸ್ವಚ್ಛ ಮಾಡಿ. ಒಂದರಲ್ಲಿ ಗಂಡು ಬೆಕ್ಕಿನ ಒದ್ದೆ ಉಂಡೆ ಬಿದ್ದಿದೆಯೋ ಇಲ್ಲವೋ ಆಗಲೇ ನೋಡಿಬಿಡಬಹುದು.